ಜ್ವರದ ದಿನದ ಸಿನಿಮಾ

ನನಗೆ ಪ್ರೇಮಕಥೆಯ ಸಿನಿಮಾ ನೋಡಿದರೆ ನಿದ್ದೆ ಬರುತ್ತದೆ. ಹಾಸ್ಯದ ಸಿನಿಮಾ ನೋಡಿದರೆ ಸಿಟ್ಟು ಬರುತ್ತದೆ. ರಕ್ತ ಹರಿಯುವ, ಚರ್ಮ ಕಿತ್ತುಬರುವ, ನೋಡುವವರು ಅರ್ಧಕ್ಕೇ ಎದ್ದು ಹೋಗುವಂಥ ಫ್ರೆಂಚ್ ಸಿನಿಮಾ ಒಂದನ್ನು ಪೂರ್ತಿ ನೋಡಿ ಮುಗಿಸಿದೆನೋ, ಮನಸ್ಸು ಹಗುರಾಗಿ ಹೊಟ್ಟೆ ಚುರುಗುಟ್ಟುತ್ತದೆ. ಎದ್ದು ಹೋಗಿ ಉಪ್ಪಿಟ್ಟು ಮಾಡಿಕೊಂಡು ತಿನ್ನುತ್ತೇನೆ. ಇದನ್ನು ಹೇಳಿದರೆ ಜನ ನನ್ನನ್ನು ಒಂದು ಥರಾ ನೋಡುತ್ತಾರೆ. ನೋಡಲಿ.

ಚಟ ಹತ್ತಿದ್ದು ಕಾಲೇಜಿನ ಹಾಸ್ಟೆಲಿನಲ್ಲಿ. ಜೊತೆಗಿದ್ದ ಹುಡುಗಿಯೊಬ್ಬಳು ಪೆನ್‌ಡ್ರೈವಿನಲ್ಲಿ ಒಂದು ಸಿನಿಮಾ ತಂದಿದ್ದಳು. ರೂಮಿನ ತುಂಬ ಹುಡುಗಿಯರು ಕೂತಿದ್ದೆವು. ಮುಗಿಯುವಾಗ ಉಳಿದವಳು ನಾನೊಬ್ಬಳೇ. ತಂದವಳೇ ಕಾರಿಡಾರಿನಲ್ಲಿ ನೀರು ಕುಡಿಯುತ್ತಾ ನಿಂತಿದ್ದಳು. ನನಗೂ ಹೆದರಿಕೆ ಚೆನ್ನಾಗೇ ಆಗಿತ್ತು. ಆದರೂ ಮಾರನೆಯ ದಿನ ನಾನೇ ಅವಳ ಬಳಿ ಹೋಗಿ ಇನ್ನೊಂದು ಇದೆಯಾ ಅಂತ ಕೇಳಿದೆ.

ನಮ್ಮ ಕಡೆಯ ದೆವ್ವಕ್ಕೆ ಒಂದು ಹಿಂದಿನ ಕಥೆ ಇರುತ್ತದೆ, ಸೇಡು ಇರುತ್ತದೆ. ಹೆದರಿದವರನ್ನು ನಗಿಸಲು ಹಾಸ್ಯನಟ ಇರುತ್ತಾನೆ, ಕೊನೆಗೆ ನಿಂಬೆಹಣ್ಣು ಹಿಡಿದ ಮಂತ್ರವಾದಿ ಬಂದು ಎಲ್ಲವನ್ನೂ ಸರಿಮಾಡುತ್ತಾನೆ. ಅಮೆರಿಕದ ಸಿನಿಮಾದವರು ಬಾಗಿಲ ಹಿಂದಿನಿಂದ ದಡಕ್ಕನೆ ಶಬ್ದ ಮಾಡಿ ಬೆಚ್ಚಿಬೀಳಿಸುತ್ತಾರೆ. ಈ ಫ್ರೆಂಚರಿಗೆ ಅವಸರವೇ ಇಲ್ಲ. ತಾಯಿ ಮಗಳು ಕೂತು ಸೂಪು ಕುಡಿಯುತ್ತಾರೆ, ಯಾರೋ ಒಣಗಿದ ಬಟ್ಟೆ ಮಡಿಸುತ್ತಾರೆ. ಆಮೇಲೆ ಆಗಬಾರದ್ದು ಆಗುತ್ತದೆ, ಆದಾಗ ಕ್ಯಾಮೆರಾ ಮುಖ ತಿರುಗಿಸುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಅದೇ.

ಯಾಕೆಂದರೆ ನಾನು ಬೆಳೆದದ್ದು ಮುಖ ತಿರುಗಿಸುವವರ ನಡುವೆ. ಸಾವು, ಕಾಯಿಲೆ ಅಂತ ಏನಾದರೂ ಬಾಯಿಗೆ ಬಂದರೆ ಸಾಕು, ದೊಡ್ಡವರು ತಕ್ಷಣ "ಬಿಡ್ತು ಅನ್ನು" ಎನ್ನುತ್ತಿದ್ದರು. ನಾವು "ಬಿಡ್ತು" ಎಂದರೆ ಮುಗಿಯಿತು, ಆಡಿದ ಮಾತು ಆಡದ ಹಾಗೆ. ಬಾಯಿ ತುಂಬ ಬಿಡ್ತು ತುಂಬಿಕೊಂಡು ದೊಡ್ಡವಳಾದ ನನಗೆ, ಯಾರೂ ಆ ಮಾತಾಡದ ಒಂದೂವರೆ ಗಂಟೆ ಮೊದಲ ಸಲ ಸಿಕ್ಕಿದ್ದು ಈ ಸಿನಿಮಾಗಳಲ್ಲಿ. ಮೈ ಅನ್ನುವುದು ಇಂಥದ್ದು, ಕುಯ್ದರೆ ಹೀಗಿರುತ್ತದೆ, ನೋಡು ಎನ್ನುತ್ತಿದ್ದವು ಅವು. ನಾನು ನೋಡುತ್ತಿದ್ದೆ.

ಜೊತೆಗೆ ನನ್ನ ತವರು ದೇವನಹಳ್ಳಿ ಹತ್ತಿರದ ವಿಜಯಪುರ. ಮನೆಯ ಪಕ್ಕದಲ್ಲೇ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಘಟಕ. ಬಿಸಿನೀರಿನಲ್ಲಿ ಗೂಡು ಬೇಯುವ, ಗೂಡಿನೊಳಗೆ ಹುಳ ಬೇಯುವ ವಾಸನೆಯಲ್ಲೇ ನಾನು ಹೋಂವರ್ಕ್ ಬರೆದದ್ದು. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಊಟದ ಹೊತ್ತಿನ ವಾಸನೆ.

ಮದುವೆಯಾಗಿ ಹೋದದ್ದೂ ರೇಷ್ಮೆಹುಳ ಸಾಕುವ ಮನೆಗೇ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಳ್ಳಿಗೆ. ಗಂಡನಿಗೆ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಪಾಳಿ ಕೆಲಸ. ನನಗೆ ದೇವನಹಳ್ಳಿಯ ಆಡಿಟರೊಬ್ಬರ ಕಚೇರಿಯ ಕೆಲಸ, ಬಹುಪಾಲು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ. ಮಾವ ಇರಲಿಲ್ಲ. ನಾದಿನಿಯನ್ನು ದಾಬಸ್‌ಪೇಟೆಗೆ ಕೊಟ್ಟಿತ್ತು. ಹಿಪ್ಪುನೇರಳೆ ತೋಟ, ಹುಳದ ಮನೆ ಎರಡೂ ಅತ್ತೆಯ ಕೈಯಲ್ಲಿದ್ದವು.

ಹುಳ ಸಾಕುವ ಮನೆಗೆ ಭಾನುವಾರ ಅಂತ ಇಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳುತ್ತಲೇ ಇರಬೇಕು. ರಜೆ ಸಿಗುವುದು ಹುಳಕ್ಕೆ ಜ್ವರ ಬಂದ ದಿನ ಮಾತ್ರ. ಗೊತ್ತಿಲ್ಲದವರಿಗೆ ಹೇಳಬೇಕು: ಬೆಳೆಯುವ ಹುಳ ಆಗಾಗ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎಂದೇ ಹೆಸರು. ಹುಳ ಜ್ವರಕ್ಕೆ ಕೂತಿವೆ ಎಂದರೆ ಆವತ್ತು ಸೊಪ್ಪು ಕೊಯ್ಯುವುದಿಲ್ಲ, ಹಾಕುವುದಿಲ್ಲ, ಹುಳವನ್ನು ಮುಟ್ಟುವುದಿಲ್ಲ. ಚರ್ಮ ಬಿಟ್ಟು ಎದ್ದಮೇಲೆ ಅವುಗಳ ಹಸಿವು ನೋಡಬೇಕು, ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ. ಅಲ್ಲಿಯವರೆಗೆ ಮನೆಗೆ ಬಿಡುವು. ಜ್ವರದ ದಿನ ಮಧ್ಯಾಹ್ನ ಅತ್ತೆ ಮಲಗುತ್ತಿದ್ದರು, ನಾನು ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನನ್ನ ಸಿನಿಮಾ ನೋಡುತ್ತಿದ್ದೆ. ಸೊಸೆ ರಜೆಯ ದಿನವೂ ಆಫೀಸಿನ ಕೆಲಸ ಮಾಡುತ್ತಾಳೆ ಎಂದು ಅವರು ಊರಲ್ಲೆಲ್ಲ ಹೊಗಳಿದ್ದರು. ನಾನೂ ಸುಮ್ಮನಿದ್ದೆ.

ಒಂದು ವರ್ಷ ಅತ್ತೆ ಸೊರಗತೊಡಗಿದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅದು ನಿಲ್ಲದೆ ಹರಿಯುತ್ತಿತ್ತು. ಸೊಪ್ಪು ಕೊಯ್ಯುತ್ತಾ ಕೊಯ್ಯುತ್ತಾ ಸಾಲಿನ ನಡುವೆ ಕೂತುಬಿಡುತ್ತಿದ್ದರು. ಉಗುರು ಬೆಳ್ಳಗಾಗಿತ್ತು. ದೇವನಹಳ್ಳಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಗರ್ಭಕೋಶದಲ್ಲಿ ಗೆಡ್ಡೆ ಇವೆ, ತೆಗೆಸಲೇಬೇಕು, ಹೀಗೇ ರಕ್ತ ಹೋದರೆ ಹೃದಯಕ್ಕೆ ತೊಂದರೆ ಎಂದು ಬಿಡಿಸಿ ಹೇಳಿದ್ದರು. ಅತ್ತೆ ತಲೆಯಾಡಿಸಿ ಬಂದರು. ಮನೆಗೆ ಬಂದಮೇಲೆ ಅವರದು ಒಂದೇ ಮಾತು, ಈ ಬೆಳೆ ಆಗಲಿ. ರೇಷ್ಮೆಯಲ್ಲಿ ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಕೂತಿರುತ್ತದೆ. ಆ ಲೆಕ್ಕದಲ್ಲಿ ಆಪರೇಷನ್ ಎಂದೂ ಆಗುವ ಹಾಗಿರಲಿಲ್ಲ.

ಗಂಡನಿಗೆ ಹೇಳಿದರೆ ಅವರು ನೆಲ ನೋಡುತ್ತಿದ್ದರು. ರಕ್ತ ಎಂಬ ಪದ ಕಿವಿಗೆ ಬಿದ್ದರೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುವ ಗಂಡಸು. ಒಂದು ಸಲ ನಾದಿನಿ ಬಂದಿದ್ದಾಗ ನಾನು, ಇನ್ನೂ ತಡ ಮಾಡಿದರೆ ಅತ್ತೆ ತೋಟದಲ್ಲೇ ಹೋಗಿಬಿಡುತ್ತಾರೆ ಎಂದೆ. "ಬಿಡ್ತು ಅನ್ನಿ ಅತ್ಗೆ," ಎಂದು ನಾದಿನಿ ಬಾಯಿ ಮುಚ್ಚಿಸಿದಳು. ನಾನು ಅನ್ನಲಿಲ್ಲ. ಅತ್ತೆಯನ್ನು ಕಂಡರೆ ನನಗೆ ಬಹಳ ಇಷ್ಟ. ಅವರು ಕಣ್ಣೆದುರೇ ಬಿಳಿಚಿಕೊಳ್ಳುತ್ತಿರುವುದನ್ನು ನಾವೆಲ್ಲ ಸೇರಿ ಮರ್ಯಾದೆಯಿಂದ ನೋಡದೆ ಇದ್ದೆವು.

ಆ ಬೆಳೆಯ ಮೂರನೇ ಜ್ವರದ ದಿನ ಮಧ್ಯಾಹ್ನ ನಾನು ಸಿನಿಮಾ ಹಾಕಿಕೊಂಡು ಕೂತಿದ್ದೆ. ಕಾಲೇಜಿನ ಕಾಲದಲ್ಲಿ ನೋಡಿದ್ದ ಹಳೆಯ ಸಿನಿಮಾ. ಒಂಟಿ ಮನೆಯಲ್ಲಿರುವ ಒಬ್ಬ ಹೆಂಗಸಿನ ಚರ್ಮ ದಿನೇ ದಿನೇ ಗಟ್ಟಿಯಾಗಿ, ಸೀಳಿ, ಕೊನೆಗೆ ಅವಳೇ ಅದನ್ನು ಸುಲಿದುಕೊಳ್ಳುವ ಕಥೆ. ಅತ್ತೆ ತಲೆನೋವಿನ ಮಾತ್ರೆ ಕೇಳಲು ಬಂದವರು ಹಿಂದೆಯೇ ನಿಂತಿದ್ದಾರೆ. ನನಗೆ ಗೊತ್ತಾದದ್ದು ಅವರ ಬಳೆ ಸದ್ದಾದಾಗ. ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಇರಲಿ ಬಿಡು ಎಂದು ಮಂಚದ ಮೇಲೆ ಕೂತೇಬಿಟ್ಟರು. ಆಫೀಸಿನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇಯರ್‌ಫೋನ್ ಕಿತ್ತೆ. ತೆರೆಯ ಕೆಳಗೆ ಬರುವ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಾ ಹೋದೆ. ಮಾತೇನೂ ಜಾಸ್ತಿ ಇರಲಿಲ್ಲ, ಕಿರುಚಾಟಕ್ಕೆ ಅನುವಾದ ಬೇಕಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಕಾದೆ, ಮುಚ್ಚಿಕೊಳ್ಳಲಿಲ್ಲ. ಇಷ್ಟೊಂದು ಕೂಗಿಕೊಂಡರೂ ಪಕ್ಕದ ಮನೆಯವರು ಬರುವುದಿಲ್ಲವಾ ಎಂದು ಕೇಳಿದರು. ಅಲ್ಲಿ ಮನೆಗಳು ದೂರ ದೂರ ಎಂದೆ. ಅದಕ್ಕೇ ಹೀಗಾಗಿರುವುದು ಎಂದರು. ಆ ಹೆಂಗಸು ಬಚ್ಚಲ ತೊಟ್ಟಿಯಲ್ಲಿ ಕೂತು, ತಲೆ ಎತ್ತಿ, ಅಲ್ಲಾಡದೆ ಇರುವ ದೃಶ್ಯ ಬಂತು. ತುಂಬ ಹೊತ್ತು ಹಾಗೇ ಇರುತ್ತಾಳೆ. ಹಾಸ್ಟೆಲಿನಲ್ಲಿ ಎಲ್ಲರೂ ಎದ್ದು ಹೋದದ್ದು ಇಂಥ ಜಾಗದಲ್ಲೇ.

ಅತ್ತೆ ಮುಂದಕ್ಕೆ ಬಾಗಿದರು. "ಇವ್ಳು ಜ್ವರಕ್ಕೆ ಕೂತವ್ಳೆ ಕಣಮ್ಮ," ಎಂದರು. "ಈಗ ಮುಟ್ಬಾರ್ದು."

ಅಷ್ಟು ಸಲೀಸಾಗಿ ಹೇಳಿದರು. ಮುಂದಿನ ಭಾಗವನ್ನೆಲ್ಲ ಅವರು ನೋಡಿದ್ದು ಹುಳದ ಮನೆಯಲ್ಲಿ ಕೂತ ಹಾಗೆ. ಚರ್ಮ ಭುಜದಿಂದ ಬಿಟ್ಟಾಗ, ತಲೆಯ ಕಡೆಯಿಂದ ಶುರುವಾಗಬೇಕಿತ್ತು ಎಂದು ತಪ್ಪು ಹುಡುಕಿದರು. ಮಧ್ಯದಲ್ಲಿ ಅವಳನ್ನು ಹುಡುಕಿಕೊಂಡು ಬಂದು ಕೈ ಹಿಡಿದೆಳೆದ ಗಂಡಸಿಗೆ, ಹಾಳಾದವನು, ತಡೆದುಕೊಳ್ಳೋಕೆ ಆಗಲಿಲ್ಲವಾ ಎಂದು ಬೈದರು. ಕೊನೆಯಲ್ಲಿ ಆ ಹೆಂಗಸು ಮೈಯೆಲ್ಲ ಕೆಂಪಾಗಿ ಎದ್ದು ನಿಂತು, ಕಿಟಕಿ ತೆಗೆದು, ಒಂದು ಉಸಿರೆಳೆದುಕೊಳ್ಳುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಅದು ಅವಳ ಕೊನೆಯುಸಿರು ಎಂದೇ ನಾನು ತಿಳಿದಿದ್ದೆ, ಅದರಷ್ಟು ಭಯಂಕರ ಇನ್ನೊಂದಿಲ್ಲ ಎಂದು ಹಾಸ್ಟೆಲಿನಲ್ಲಿ ಭಾಷಣ ಬಿಗಿದಿದ್ದೆ.

"ಎದ್ಲಲ್ಲ," ಎಂದರು ಅತ್ತೆ. "ಹಸ್ದಿರ್ತಾಳೆ. ಯಾರಾದ್ರೂ ಸೊಪ್ಪು ಹಾಕ್ಬೇಕಿತ್ತು."

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ನಗು ನಿಂತಮೇಲೆ, ತನಗೂ ಹೀಗೇ ಕುಯ್ಯುತ್ತಾರಾ ಎಂದು ಕೇಳಿದರು. ಅವರು ಆ ಮಾತನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನನಗೆ ಗೊತ್ತಿದ್ದಷ್ಟನ್ನೂ ಹೇಳಿದೆ. ಪ್ರಜ್ಞೆ ತಪ್ಪಿಸುತ್ತಾರೆ, ಹೊಟ್ಟೆಯ ಕೆಳಗೆ ಅಡ್ಡಡ್ಡಲಾಗಿ ಕುಯ್ಯುತ್ತಾರೆ, ಗರ್ಭಕೋಶವನ್ನು ಪೂರ್ತಿ ತೆಗೆದು ಹೊಲಿಯುತ್ತಾರೆ, ಎಚ್ಚರವಾದ ಮೇಲೆ ನೋವು ಇರುತ್ತದೆ, ಒಂದೆರಡು ದಿನ ಚೆನ್ನಾಗೇ ಇರುತ್ತದೆ. ಅಪಾಯ ಇಲ್ಲವೇ ಇಲ್ಲ ಅಂತಲೂ ಹೇಳಲಿಲ್ಲ. ಅವರು ಮಧ್ಯೆ ಮಧ್ಯೆ ಪ್ರಶ್ನೆ ಹಾಕಿದರು. ತೆಗೆದ ಜಾಗ ಖಾಲಿ ಇರುತ್ತದಾ ಎಂದರು. ಇಲ್ಲ, ಕರುಳು ಬಂದು ಕೂತುಕೊಳ್ಳುತ್ತದೆ ಎಂದೆ. ಅದು ಅವರಿಗೆ ಸಮಾಧಾನವಾಯಿತು.

"ಆಯ್ತು. ಬೆಳೆ ನೀವ್ ನೋಡ್ಕಳ್ಳಿ," ಎಂದು ಎದ್ದರು. "ನಾನೂ ಒಂದ್ಸಲ ಜ್ವರಕ್ಕೆ ಕೂತ್ಕೋತೀನಿ."

ಮಾತ್ರೆ ಕೇಳುವುದನ್ನು ಮರೆತೇ ಹೋದರು. ನಾನು ಆವತ್ತು ಇಬ್ಬರಿಗೆ ಉಪ್ಪಿಟ್ಟು ಮಾಡಿದೆ.

ಆಪರೇಷನ್ ದಿನ ಬೆಳಗ್ಗೆ, ಹುಳಕ್ಕೆ ಸೊಪ್ಪು ಹಾಕಲು ಪಕ್ಕದ ಮನೆಯವರಿಗೆ ಒಪ್ಪಿಸಿ, ನಾವು ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ನಾದಿನಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ಗಂಡ ಟೀ ಕುಡಿಯಲು ಹೋಗಿ ಬಂದು, ಮತ್ತೆ ಹೋಗಿ ಬಂದರು. ಕೊನೆಗೆ ಆಪರೇಷನ್ ಥಿಯೇಟರಿನ ಬಾಗಿಲು ತೆರೆದು ನರ್ಸ್ ಒಬ್ಬರು ಸ್ಟೀಲ್ ಟ್ರೇ ಹಿಡಿದು ಬಂದು, ಪೇಷೆಂಟ್ ಕಡೆಯವರು ಯಾರು, ತೆಗೆದಿರುವುದನ್ನು ನೋಡಿಕೊಂಡುಬಿಡಿ ಎಂದು ಕೂಗಿದರು. ನಮ್ಮ ಆಸ್ಪತ್ರೆಗಳಲ್ಲಿ ಹೀಗೆ ತೋರಿಸುವ ಪದ್ಧತಿಯಿದೆ. ನಾದಿನಿ ನನ್ನ ಗಂಡನ ತೋಳು ಹಿಡಿದಳು, ಗಂಡ ಗೋಡೆ ಹಿಡಿದರು.

ನಾನು ಹೋಗಿ ನೋಡಿದೆ. ಮುಷ್ಟಿಗಿಂತ ದೊಡ್ಡದು. ತಿಳಿ ಗುಲಾಬಿ, ಅಲ್ಲಲ್ಲಿ ಕಂದು. ಪಕ್ಕದಲ್ಲಿ ಸೀಬೆಕಾಯಿಯಷ್ಟು ದಪ್ಪದ ಒಂದು ಗೆಡ್ಡೆ, ಅದಕ್ಕಂಟಿಕೊಂಡು ಸಣ್ಣದೊಂದು. ಎಷ್ಟೊಂದು ಸಿನಿಮಾಗಳಲ್ಲಿ ಇದಕ್ಕಿಂತ ಘೋರವಾದದ್ದನ್ನು ಕಣ್ಣು ಮಿಟುಕಿಸದೆ ನೋಡಿದವಳಿಗೆ ಅಳು ಬಂತು. ಅದರ ಮೇಲೆ ಪ್ರೀತಿ ಉಕ್ಕಿ ಬಂತು. ಅದರೊಳಗೆ ಒಂಬತ್ತೊಂಬತ್ತು ತಿಂಗಳು ಇದ್ದು ಬಂದವರಿಬ್ಬರೂ ನನ್ನ ಹಿಂದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರ ಪಾಲಿನದನ್ನೂ ಸೇರಿಸಿ ನಾನೇ ನೋಡಿದೆ. ನರ್ಸ್, ಸಾಕಾ ಮೇಡಂ ಎಂದರು. ಇನ್ನೊಂದು ನಿಮಿಷ ಎಂದೆ.

ಸಂಜೆ ಅತ್ತೆಗೆ ಎಚ್ಚರವಾಯಿತು. ತುಟಿ ಒಣಗಿತ್ತು, ಕಣ್ಣು ಅರ್ಧ ತೆರೆದಿತ್ತು. ಮಗ ಮಗಳು ಎರಡೂ ಕಡೆ ನಿಂತು, ಏನೂ ಆಗಿಲ್ಲಮ್ಮ, ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿದ್ದರು. ಅತ್ತೆ ಕಣ್ಣಲ್ಲೇ ನನ್ನನ್ನು ಹುಡುಕಿ, ಹತ್ತಿರ ಕರೆದರು.

"ಹೆಂಗಿತ್ತು?" ಎಂದರು.

ಬಣ್ಣ ಹೇಳಿದೆ, ಗಾತ್ರ ಹೇಳಿದೆ, ಗೆಡ್ಡೆ ಎಷ್ಟು ದಪ್ಪ ಎಂದು ಬೆರಳು ಮಡಿಸಿ ತೋರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ನನ್ನ ಕೈ ಮೇಲೆ ಕೈಯಿಟ್ಟರು.

"ನನ್ನೊಳ್ಗೇ ಇತ್ತು, ನಾನೇ ನೋಡ್ಲಿಲ್ಲ," ಎಂದರು. "ನೀನಾದ್ರೂ ನೋಡ್ದಲ್ಲ, ಸಾಕು."