ಫ್ಲೆಕ್ಸಿನಲ್ಲಿ ಒಂಟಿ ಮುಖ

ನಾನೇ ಬರೆದು ರಾಗ ಹಾಕಿದ ಹಾಡುಗಳನ್ನು ಅಲ್ಲಿಯವರೆಗೆ ಕೇಳಿದವರೆಲ್ಲ ಪರಿಚಯದವರೇ. ಅವರ ಮೆಚ್ಚುಗೆಯ ಮೇಲೆ ನನಗೆ ನಂಬಿಕೆಯಿರಲಿಲ್ಲ. ಗುರುತಿಲ್ಲದ ಯಾರಾದರೂ ಬಂದು ಕೂತು ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕು ಎಂದು ಹುಣಸೂರಿನಲ್ಲಿ ಒಂದು ಭಾನುವಾರ ಸಂಜೆಗೆ ಸಣ್ಣ ಸಭಾಂಗಣ ಗೊತ್ತುಮಾಡಿದೆ. ಮೊಬೈಲಿನಲ್ಲಿ ವಿಡಿಯೊ ಹಾಕಿ ಹಾಕಿ ಬೇಸತ್ತಿದ್ದೆ. ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸೋಣ ಎಂದುಕೊಂಡೆ. ನನ್ನ ಫೋಟೊ, ಗಿಟಾರು, ಜಾಗ, ಸಮಯ, ಫೋನ್ ನಂಬರು. ಅಷ್ಟೇ.

ಗಾವಡಗೆರೆಯ ಗೆಳೆಯ ಮೊಬೈಲಿನಲ್ಲಿ ಅದರ ನಮೂನೆ ನೋಡಿ ಹೌಹಾರಿದ.

"ಲೇ, ಫ್ಲೆಕ್ಸಲ್ಲಿ ಒಬ್ನೇ ಇದ್ರೆ ಸತ್ತೋಗವ್ನೆ ಅನ್ಕತಾರೆ ಕಣ್ಲಾ! ಶುಭ ಕೋರೋರು ನಾಕ್ ಜನ ಇರ್ಲಿ."

"ಹಾಡೋನು ನಾನು. ಅವರ ಮುಖ ಯಾಕೋ?"

"ಅವ್ರ ಮುಖ ಇದ್ರೆ ಅವ್ರ ಕಡೆಯೋರು ಬತ್ತಾರೆ. ನಿನ್ ಮುಖ ನೋಡ್ಕಂಡು ಯಾವನ್ಲಾ ಬತ್ತನೆ?"

ಎಂ.ಎ. ಓದಿದ ನಾನು ಅವನ ಮಾತಿಗೆ ಒಪ್ಪಿ ನಾಲ್ಕು ಮುಖ ಸೇರಿಸಿದೆ. ಆದರೆ ನಾಲ್ಕು ಮುಖಕ್ಕೆ ಅದು ನಿಲ್ಲಲಿಲ್ಲ. ಅಣ್ಣನನ್ನು ಹಾಕಿ ತಮ್ಮನನ್ನು ಬಿಡುವಂತಿಲ್ಲ. ಹಿರಿಯರ ಮುಖ ನನ್ನದಕ್ಕಿಂತ ಚಿಕ್ಕದಾಗುವಂತಿಲ್ಲ. ನಾನು ಕೆಳಗಿನ ಮೂಲೆಗೆ ಸರಿದೆ. ಜಾಗ ಸಾಲದೆ ಗಿಟಾರೂ ಹೋಯಿತು. ಇಲ್ಲ, ಗಿಟಾರು ಇತ್ತು ಎಂದು ಗೆಳೆಯ ಈಗಲೂ ಆಣೆ ಹಾಕುತ್ತಾನೆ. ಸಿಟ್ಟಿನಲ್ಲಿ ಕಂಡದ್ದನ್ನು ನಾನೂ ಪೂರ್ತಿ ನಂಬಲಾರೆ.

ಫ್ಲೆಕ್ಸ್ ಕಟ್ಟಿಸಿದ ಮೇಲೆ ಮೊದಲ ಕರೆ ಬಂದಾಗ ಹಿಗ್ಗಿದೆ. ಕಟ್ಟೆಮಳಲವಾಡಿಯಿಂದ ಇರಬೇಕು.

"ಏನ್ ಸ್ವಾಮಿ, ನಮ್ ಭಾವುನ್ ಫೋಟೊ ಹಾಕಿದ್ದೀರಿ, ನಾವೇನ್ ತಪ್ ಮಾಡಿದ್ವು?"

ಆಮೇಲಿನ ಕರೆಗಳೂ ಹೆಚ್ಚುಕಡಿಮೆ ಇಂಥವೇ. ಹಾಡಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಭಾನುವಾರ ಫ್ಲೆಕ್ಸಿನ ಮುಖಗಳೆಲ್ಲ ತಮ್ಮ ಕಡೆಯವರೊಂದಿಗೆ ಬಂದವು. ಮೊದಲ ಹಾಡಿನ ನಡುವೆಯೇ ಒಬ್ಬರು ಹಾರ ಹಿಡಿದು ವೇದಿಕೆ ಹತ್ತಿದರು. ನಾನು ನಿಲ್ಲಿಸಿದೆ.

"ನೀವು ಆಡ್ತಾ ಇರಿ ಕಣ್ರೀ, ನಮ್ದೇನು, ಒಂದು ಫೋಟೊ," ಎಂದರು.

ಅವರ ಹಿಂದೆ ಹಾರ ಹಿಡಿದವರ ಸಾಲೇ ನಿಂತಿತು. ಕ್ಯಾಮೆರಾ ಕಡೆ ತಿರುಗಿ ನಿಂತ ಅವರ ಬೆನ್ನುಗಳಿಗೆ ಹಾಡಿದೆ. ಫೋಟೊ ಮುಗಿದಂತೆ ಒಬ್ಬೊಬ್ಬರೇ ಇಳಿದು ಸೀದಾ ಹೊರಗೆ ಹೋದರು.

ಖಾಲಿ ಕುರ್ಚಿಗಳ ನಡುವೆ ನಡುವಯಸ್ಸಿನ ಒಬ್ಬ ಹೆಂಗಸು ಉಳಿದಿದ್ದರು.

"ಯಾರ ಕಡೆಯವರು?" ಎಂದು ಮೈಕಿನಲ್ಲೇ ಕೇಳಿದೆ.

"ಯಾರ ಕಡೆಯೋಳೂ ಅಲ್ಲ ಕಣಪ್ಪ. ಪಿರಿಯಾಪಟ್ಣದ ಬಸ್ಸಿಗಿನ್ನೂ ಹೊತ್ತದೆ. ಆ ಜನ ಅಡ್ಡ ನಿಂತು ಒಂದೂ ಕೇಳ್ನಿಲ್ಲ. ಮೊದ್ಲಿಂದ ಆಡು."

ಹಾರಗಳನ್ನು ತೆಗೆದು ಕುರ್ಚಿಯ ಮೇಲೆ ಹಾಕಿ, ಮೊದಲಿಂದ ಶುರುಮಾಡಿದೆ.