ಮೊದಲು ಕೊಡವು, ಆಮೇಲೆ ನೆನೆಸು

ನನ್ನ ಅತ್ತೆಗೆ ಸೋಮಾರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಮೊದಲ ಕೆಲವು ವರ್ಷ ನನ್ನನ್ನು ಕಂಡರೂ ಆಗುತ್ತಿರಲಿಲ್ಲ. ನಾನು ಈ ಮನೆಗೆ ಬಂದ ವಾರವೇ ನಮ್ಮಿಬ್ಬರ ಮೊದಲ ಜಗಳ ಬಚ್ಚಲ ಬಕೆಟ್ಟಿನ ಮುಂದೆ ಆಯಿತು. ಗಂಡನ ಅಂಗಿ, ಮಾವನ ಪ್ಯಾಂಟು, ಹಾಸಿಗೆಯ ಹೊದಿಕೆ ಎಲ್ಲವನ್ನೂ ಒಟ್ಟಿಗೆ ಸೋಪಿನ ನೀರಿಗೆ ತುರುಕಿ ಒಳಗೆ ಹೊರಟಿದ್ದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನೇ ಇದು? ಕೊಡವದೆ ಯಾರಾದ್ರೂ ನೆನೆಸ್ತಾರೇನೆ?"

"ಒಗೆದ್ರೆ ಹೋಗುತ್ತಲ್ಲ ಅತ್ತೆ."

"ಹೋಗಲ್ಲ. ಧೂಳು ನೀರಿಗೆ ಬಿದ್ರೆ ಹಿಟ್ಟಾಗುತ್ತೆ, ಹೊಲಿಗೆ ಒಳಗೆ ಕೂತ್ಕೊಳ್ಳುತ್ತೆ. ಮೊದಲು ಕೊಡವು, ಆಮೇಲೆ ನೆನೆಸು. ನಿಮ್ಮಮ್ಮ ಇಷ್ಟೂ ಹೇಳಿಕೊಡ್ಲಿಲ್ವಾ?"

ನಮ್ಮಮ್ಮನ ಸುದ್ದಿಗೆ ಬಂದರೆ ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ ನಾನು. ಸೋಪು ಸರಿಯಿಲ್ಲ, ಈ ಬೋರಿನ ನೀರು ಗಡಸು ಎಂದು ವಾದಕ್ಕೆ ನಿಂತೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅವರು ಒಂದೇ ಮಾತಿಗೆ ನನ್ನನ್ನು ಮುಗಿಸಿದರು. ಆಮೇಲೆ ಹದಿನೆಂಟು ವರ್ಷ ಅದೇ ಜಗಳ. ಅವರ ಕಣ್ಣೆದುರಿಗೆ ಕೊಡವುವುದು, ಅವರು ಮರೆಯಾದರೆ ನೇರ ಬಕೆಟ್ಟಿಗೆ ಹಾಕುವುದು, ಇದು ನನ್ನ ಪದ್ಧತಿಯಾಗಿತ್ತು.

ಅವರ ಒಗೆತಕ್ಕೆ ಬೀದಿಯಲ್ಲಿ ಹೆಸರಿತ್ತು. ಬಿಳಿ ಬಟ್ಟೆಯಮ್ಮ ಎಂದರೆ ಮೂಲೆಯ ಅಂಗಡಿಯವನೂ ನಮ್ಮ ಮನೆಯತ್ತ ಬೆರಳು ತೋರಿಸುತ್ತಿದ್ದ. ಆ ಹೆಸರು ಬಂದದ್ದು ಇಲ್ಲಿಯಲ್ಲ, ಶೀಟ್ ಫ್ಯಾಕ್ಟರಿಯ ಮನೆಗಳ ಸಾಲಿನಲ್ಲಿ. ಮದುವೆಯಾದ ಹೊಸದರಲ್ಲಿ ಅವರು ಸಂಸಾರ ಹೂಡಿದ್ದು ಅಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗಳ, ಅಂಗಳದ ಕೊನೆಗೆ ಎದೆಮಟ್ಟದ ಗೋಡೆ. ಮಾವ ಫ್ಯಾಕ್ಟರಿಯಲ್ಲಿ ಚೀಲ ಬಿಚ್ಚುವವರು. ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸಿನ, ಚೀಲದ ಬಾಯಿ ಕೊಯ್ದು ಯಂತ್ರದ ಬಾಯಿಗೆ ಸುರಿಯುವುದು ಅವರ ಕೆಲಸ. ಅದು ಸಿಮೆಂಟಿನ ಜೊತೆ ಕಲೆತು ಮಾಡಿನ ಶೀಟಾಗುತ್ತಿತ್ತು. ಶಿಫ್ಟು ಬಿಟ್ಟಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿತ್ತು. "ಬಂದ್ರು ನೋಡಿ ನಮ್ಮ ಮನೆ ಮುದುಕಪ್ಪ" ಎಂದು ಇಪ್ಪತ್ತೆರಡರ ಹುಡುಗಿ ಅತ್ತೆ ತಮಾಷೆ ಮಾಡುತ್ತಿದ್ದರಂತೆ.

ಅತ್ತೆ ಆ ಅಂಗಿಯನ್ನು ಹೆಗಲಲ್ಲಿ ಹಿಡಿದು ಹಿಂದಿನ ಗೋಡೆಗೆ ಪಟಪಟ ಬಡಿಯುತ್ತಿದ್ದರು. ಜೇಬು ಹೊರಗೆಳೆದು ಒದರುತ್ತಿದ್ದರು. ಬೆಳ್ಳನೆಯ ಧೂಳು ಏಳುತ್ತಿತ್ತು, ಅವರು ಮೂಗಿಗೆ ಬಟ್ಟೆ ಅಡ್ಡ ಹಿಡಿದು ಕೆಮ್ಮುತ್ತ ಮತ್ತೊಮ್ಮೆ ಬಡಿಯುತ್ತಿದ್ದರು. ಆಗ ನನ್ನ ಗಂಡ ಅದೇ ಗೋಡೆಯ ಬುಡದಲ್ಲಿ ಕೂತು ಮಣ್ಣಾಡುವ ಮಗು. ಇಷ್ಟೆಲ್ಲ ಆದ ಮೇಲೆ ನೆನೆಸಿ, ತಿಕ್ಕಿ, ಹಿಂಡಿ ಒಣಹಾಕಿದರೆ ಆ ಅಂಗಿ ಸಾಹೇಬರ ಅಂಗಿಗೆ ಸಮ. "ಅದು ನನ್ನ ಸ್ವಂತ ಬುದ್ಧಿ ಕಣೇ, ಯಾರೂ ಹೇಳಿಕೊಟ್ಟಿದ್ದಲ್ಲ" ಎಂದು ಅವರು ಬೀಗುವುದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಫ್ಯಾಕ್ಟರಿ ಬಿಟ್ಟು ಎಷ್ಟೋ ಕಾಲವಾದ ಮೇಲೆ, ಮೊಮ್ಮಗಳು ಶಾಲೆ ಮುಗಿಸುವ ವರ್ಷ, ಅತ್ತೆಗೆ ಉಸಿರು ಸಾಲದಾಯಿತು. ಒಂದು ಅಂಗಿ ಹಿಂಡಿ ಕಲ್ಲಿನ ಮೇಲೆ ಕೂತುಬಿಡುತ್ತಿದ್ದರು. ಬೆನ್ನಲ್ಲಿ ನೋವು, ಪಕ್ಕೆಯಲ್ಲಿ ನೋವು. ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಎದೆಯಿಂದ ನೀರು ತೆಗೆದರು. ಕೆಲವು ದಿನಕ್ಕೆ ಮತ್ತೆ ತುಂಬಿತು. ಕೊನೆಗೆ ಡಾಕ್ಟರು ನಮ್ಮನ್ನು ಕೂರಿಸಿ, ಶ್ವಾಸಕೋಶದ ಹೊರಪದರಕ್ಕೆ ಬರುವ ಕ್ಯಾನ್ಸರ್ ಇದು, ಮೆಸೊಥೆಲಿಯೋಮ ಅಂತಾರೆ, ಕಲ್ನಾರಿನ ಧೂಳು ಉಸಿರಿಗೆ ಹೋದವರಿಗೆ ಎಷ್ಟೋ ವರ್ಷದ ಮೇಲೆ ಬರುತ್ತೆ, ಬೇರು ಸಮೇತ ಕೀಳುವ ಔಷಧಿ ಇಲ್ಲ ಎಂದರು. ಆಮೇಲೆ ಅತ್ತೆಯನ್ನು ಕೇಳಿದರು: "ಅಮ್ಮ, ನೀವು ಶೀಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ರಾ?"

"ಇಲ್ಲಪ್ಪ, ನಾನು ಆ ಗೇಟು ದಾಟಿದವಳೇ ಅಲ್ಲ."

"ಮನೆಯಲ್ಲಿ ಬೇರೆ ಯಾರಾದ್ರೂ? ಅವರ ಬಟ್ಟೆ ಒಗೀತಿದ್ದೋರು ಯಾರು?"

ಮಾವನ ಕೈಯಲ್ಲಿದ್ದ ಎಕ್ಸ್‌ರೇ ಲಕೋಟೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಅವರು ಬಗ್ಗಲೇ ಇಲ್ಲ, ನಾನೇ ಎತ್ತಿಕೊಂಡೆ.

ಮಾವನಿಗೆ ಏನೂ ಆಗಿರಲಿಲ್ಲ. ಅವರ ಎದೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ ಎಂದರು ಡಾಕ್ಟರು. ಅದೇ ಅವರಿಗೆ ಶಿಕ್ಷೆಯಾಯಿತು. ಅಂದಿನಿಂದ ಅವರು ಅತ್ತೆಯ ಕೋಣೆಯ ಹೊಸ್ತಿಲು ದಾಟಲಿಲ್ಲ. ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡರು. ದಿನಕ್ಕೆ ಮೂರು ಹೊತ್ತು ಸ್ನಾನ. ತಮ್ಮ ಬಟ್ಟೆಯನ್ನು ತಾವೇ ಬೇರೆ ಬಕೆಟ್ಟಿನಲ್ಲಿ ಒಗೆದು, ಕಾಂಪೌಂಡಿನ ಆಚೆ ಮೂಲೆಗೆ ಹಗ್ಗ ಕಟ್ಟಿ ಒಣಹಾಕುತ್ತಿದ್ದರು. ನಾನು ಕೈಚಾಚಿದರೆ "ಮುಟ್ಟಬೇಡಮ್ಮ" ಎನ್ನುತ್ತಿದ್ದರು. ಫ್ಯಾಕ್ಟರಿ ಬಿಟ್ಟು ಇಷ್ಟು ವರ್ಷವಾಯಿತು, ಈ ಅಂಗಿಯಲ್ಲಿ ಏನಿದೆ ಮಾವ ಎಂದರೆ ಬಕೆಟ್ಟನ್ನು ಇನ್ನಷ್ಟು ದೂರ ಎಳೆದುಕೊಳ್ಳುತ್ತಿದ್ದರು. ಬಂದವರೆಲ್ಲರ ಎದುರು ಒಂದೇ ಮಾತು: "ನನಗೆ ಬರಬೇಕಾಗಿದ್ದು. ನಾನೇ ತಂದು ಅವಳಿಗೆ ಕೊಟ್ಟೆ."

ಅತ್ತೆಗೆ ರೋಗಕ್ಕಿಂತ ಇದು ಹೆಚ್ಚು ಚುಚ್ಚಿತು. ಗೋಡೆಯ ಈಚೆ ಇವರು, ಆಚೆ ಅವರು. ನಾನು ಮಧ್ಯದಲ್ಲಿ ಅಂಚೆಯವಳು.

ಆಸ್ಪತ್ರೆಯ ನರ್ಸಮ್ಮ ಒಬ್ಬ ವಕೀಲಮ್ಮನ ವಿಳಾಸ ಕೊಟ್ಟರು. ಸೈಕಲ್ ಅಂಗಡಿಯ ಮೇಲಿನ ಕಿರುಕೋಣೆ, ಒಂದು ಮೇಜು, ಎರಡು ಕುರ್ಚಿ. ಕಲ್ನಾರಿನಿಂದ ಕಾಯಿಲೆ ಬಿದ್ದವರ ಕೇಸನ್ನು ಫೀಸಿಲ್ಲದೆ ನಡೆಸುವವರು. ನನ್ನ ವಯಸ್ಸೇ ಇರಬೇಕು, ಕಣ್ಣ ಕೆಳಗೆ ಕಪ್ಪು. ಮನೆಗೇ ಬಂದು ಅತ್ತೆಯ ಹಾಸಿಗೆಯ ಪಕ್ಕ ಕೂತು, "ಅಮ್ಮ, ಈ ಕೇಸಿನಿಂದ ನಿಮಗೆ ಏನಾಗಬೇಕು?" ಎಂದು ಕೇಳಿದರು.

ಅತ್ತೆ ಜಗಲಿಯ ಕಡೆ ತಲೆ ತಿರುಗಿಸಿದರು. "ಇವರಲ್ಲ ಅಂತ ಹೇಳಿಸಿ ತಾಯಿ. ನಾನು ಹೇಳಿದ್ರೆ ಕೇಳ್ತಾ ಇಲ್ಲ. ದೊಡ್ಡವರು ಯಾರಾದ್ರೂ ಹೇಳಿದ್ರೆ ಕೇಳ್ತಾರೇನೋ. ಕೋರ್ಟು ಹೇಳ್ಲಿ."

ಫ್ಯಾಕ್ಟರಿಯವರ ಉತ್ತರ ಬಂತು. ಆಕೆ ನಮ್ಮ ಕೆಲಸದವಳಲ್ಲ. ಒಣ ಬಟ್ಟೆ ಕೊಡವಿದ್ದರಿಂದ ಧೂಳೆದ್ದಿದೆ, ನೇರ ನೀರಿಗೆ ಹಾಕಿದ್ದರೆ ಏಳುತ್ತಿರಲಿಲ್ಲ. ಗಂಡ ತಂದ, ಹೆಂಡತಿ ಕೊಡವಿದಳು, ನಮಗೇನು ಸಂಬಂಧ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ! ನನಗೆ ಮೈಯೆಲ್ಲ ಉರಿಯಿತು. ಆದರೂ ಕೇಳಿದೆ, ನೀರಿನ ಮಾತು ನಿಜವಾ ಎಂದು. ವಕೀಲಮ್ಮ, "ನಿಜ. ಒದ್ದೆ ಮಾಡಿದ್ದರೆ ಇಷ್ಟು ಉಸಿರಿಗೆ ಹೋಗ್ತಿರಲಿಲ್ಲ" ಎಂದರು.

ಅಂದರೆ ನನ್ನ ಸೋಮಾರಿತನವೇ ಸರಿಯಾಗಿತ್ತು. ಹದಿನೆಂಟು ವರ್ಷದ ಜಗಳದಲ್ಲಿ ಗೆದ್ದವಳು ನಾನು. ಇಂಥ ಗೆಲುವು ನನ್ನ ಶತ್ರುವಿಗೂ ಬೇಡ. ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ, ನೀರಿನ ಸದ್ದಿನಲ್ಲಿ ನನ್ನ ಅಳು ಅತ್ತೆಗೆ ಕೇಳದಿರಲಿ ಎಂದು.

ಅತ್ತೆ ಕೋರ್ಟಿಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಅವರು ಇರುವಾಗಲೇ ಹೇಳಿಕೆ ಆಗಬೇಕು ಎಂದು ವಕೀಲಮ್ಮ ಓಡಾಡಿ, ಕೋರ್ಟಿನಿಂದಲೇ ಒಬ್ಬರು ಮನೆಗೆ ಬಂದು ಬರೆದುಕೊಳ್ಳುವಂತೆ ಮಾಡಿದರು. ಫ್ಯಾಕ್ಟರಿಯ ವಕೀಲರೂ ಬಂದರು, ಮಡಿಕೆ ಮುರಿಯದ ಪ್ಯಾಂಟು ಹಾಕಿಕೊಂಡು. ಅತ್ತೆ ಮೂರು ದಿಂಬಿಗೆ ಒರಗಿದ್ದರು. ಮಾವ ಕಿಟಕಿಯ ಆಚೆ ಜಗಲಿಯಲ್ಲಿ ಕೂತಿದ್ದು ನನಗೆ ಕಾಣುತ್ತಿತ್ತು.

ಆ ವಕೀಲರು ದನಿ ಮೆತ್ತಗಿಟ್ಟುಕೊಂಡೇ ಕೇಳಿದರು: "ನೀವು ಬಟ್ಟೆಯನ್ನು ಮೊದಲು ನೀರಿಗೆ ಹಾಕಿದ್ದರೆ ಧೂಳು ಏಳ್ತಾ ಇರಲಿಲ್ಲ. ಗೊತ್ತಾ ನಿಮಗೆ?"

ಈ ಮಾತನ್ನು ನಾವು ಯಾರೂ ಅತ್ತೆಗೆ ತಿಳಿಸಿರಲಿಲ್ಲ. ಅವರು ನನ್ನನ್ನೇ ನೋಡಿದರು. ಆ ನೋಟ ತಾಳಲಾರದೆ ನಾನು ತಲೆ ತಗ್ಗಿಸಿದೆ.

"ಹಾಗಾದ್ರೆ ಇವಳು ಮಾಡ್ತಿದ್ದದ್ದೇ ಸರಿ ಅನ್ನಿ" ಎಂದರು ಅತ್ತೆ. ನಕ್ಕರು, ನಗು ಕೆಮ್ಮಾಯಿತು. ನಾನು ನೀರು ಕುಡಿಸಿದೆ.

"ಕೊಡವಿ ಅಂತ ನಿಮ್ಮ ಗಂಡ ಹೇಳಿದ್ರಾ?"

"ಇಲ್ಲ. ಅವರು ಪಾಪ, ಹಾಗೇ ಇರಲಿ ಬಿಡು, ನಾಳೆ ಮತ್ತೆ ಹಾಳಾಗುತ್ತೆ ಅಂತಿದ್ರು."

"ಅಂದ್ರೆ ನಿಮ್ಮ ಸ್ವಂತ ಬುದ್ಧಿಯಿಂದ ಕೊಡವಿದ್ರಿ."

ಅತ್ತೆ ಕಿಟಕಿಯ ಆಚೆ ಕೂತಿದ್ದ ಮಾವನತ್ತ ತಿರುಗಿದರು. ಬರೆದುಕೊಳ್ಳುವವರ ಪೆನ್ನು ನಿಂತಿತು. ಹೌದು ಅಂದುಬಿಡುತ್ತಾರೆ ಎಂದೇ ನಾನು ತಿಳಿದೆ. ಜೀವಮಾನವೆಲ್ಲ ಬೀಗಿಕೊಂಡು ಬಂದ ಮಾತಲ್ಲವೇ ಅದು!

"ಅಲ್ಲ" ಎಂದರು. "ಎಲ್ಲರ ಹತ್ರಾನೂ ನನ್ನ ಬುದ್ಧಿ ಅಂತ ಹೇಳ್ಕೊಂಡು ಬಂದೆ. ಹೇಳಿ ಹೇಳಿ ನನಗೂ ಹಾಗೇ ಅನ್ನಿಸಿಬಿಟ್ಟಿತ್ತು. ನಾವು ಮೊದಲು ಎಲ್ಲರ ಹಾಗೆ ನೆನೆಸಿಯೇ ಒಗೀತಿದ್ವಿ. ಆ ಧೂಳು ಗಟ್ಟಿ ಹಿಟ್ಟಾಗಿ ಸಾಲಿನ ಚರಂಡಿ ಕಟ್ಟಿಕೊಂಡಿತು. ಫ್ಯಾಕ್ಟರಿ ಸೂಪರ್‌ವೈಸರ್ ಬಂದ. ಗಂಡಸರು ಶಿಫ್ಟಿನಲ್ಲಿದ್ರು. ಮನೆ ಮನೆ ಬಾಗಿಲು ತಟ್ಟಿ, ಚರಂಡಿ ರಿಪೇರಿ ಮಾಡಿಸೋಕೆ ಆಗಲ್ಲ, ಇನ್ನು ಮೇಲೆ ಮೊದಲು ಕೊಡವಿ ಆಮೇಲೆ ನೆನೆಸಿ ಅಂದ. ಅವನು ಹೇಳಿದ್ದನ್ನ ಎಲ್ಲರಿಗಿಂತ ಚೆನ್ನಾಗಿ ಮಾಡಿದೆ ನಾನು. ಅಷ್ಟೇ ನನ್ನ ಬುದ್ಧಿ."

ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದರು. ಕಟ್ಟುಕಥೆ ಎಂದರು ಫ್ಯಾಕ್ಟರಿಯ ವಕೀಲರು, ಮೊದಲು ಯಾರಿಗೂ ಹೇಳದ್ದು ಈಗ ಎಲ್ಲಿಂದ ಬಂತು ಎಂದು ಬರೆಸಿದರು.

ಎಲ್ಲರೂ ಹೋದ ಮೇಲೆ ಮಾವ ಹೊಸ್ತಿಲಿಗೆ ಬಂದು ನಿಂತರು. "ಒಳಗೆ ಬನ್ರೀ" ಎಂದರು ಅತ್ತೆ. ಮಾವ ತಮ್ಮ ಅಂಗಿಯನ್ನು ಒಮ್ಮೆ ನೋಡಿಕೊಂಡು, ಅಲ್ಲೇ ಹೊಸ್ತಿಲ ಮೇಲೆ ಕೂತರು. ಅಷ್ಟರ ಮಟ್ಟಿಗೆ ಹತ್ತಿರ ಬಂದರು. ಅದಕ್ಕಿಂತ ಒಳಗೆ ಬರಲು ಅವರಿಂದ ಆಗಲಿಲ್ಲ, ಅತ್ತೆ ಹೋಗುವವರೆಗೂ ಆಗಲಿಲ್ಲ. ತೀರ್ಪು ಬರುವ ಮೊದಲೇ ಅತ್ತೆ ಹೋದರು, ಒಂದು ಮಧ್ಯಾಹ್ನ, ನನ್ನ ಕೈ ಹಿಡಿದುಕೊಂಡು. ಹಿಡಿಯಬೇಕಾದ ಕೈ ನನ್ನದಾಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ವಕೀಲಮ್ಮ ಬಿಡಲಿಲ್ಲ. ಆ ಸಾಲಿನ ಕೊನೆಯ ಮನೆಯಲ್ಲಿದ್ದ ಒಬ್ಬ ಅಜ್ಜಿಯನ್ನು ಹುಡುಕಿ ತೆಗೆದರು. ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದರು, ಕಿವಿ ಮಂದ. ಕೋರ್ಟಿನಲ್ಲಿ ಅವರನ್ನು ಕೇಳಿದ್ದು, ಗಂಡನ ಬಟ್ಟೆ ಹೇಗೆ ಒಗೀತಿದ್ರಿ ಅಜ್ಜಿ ಎಂದಷ್ಟೇ. ಕಿವುಡರ ಎತ್ತರದ ದನಿಯಲ್ಲಿ ಅಜ್ಜಿ ಹೇಳಿದರು: "ಮೊದಲು ಕೊಡವೋದು, ಆಮೇಲೆ ನೆನೆಸೋದು. ಆ ಸೂಪರ್‌ವೈಸರ್ ಬಂದು ಹೇಳಿದ್ನಲ್ಲ, ಚರಂಡಿ ಕಟ್ಟುತ್ತೆ ಅಂತ! ಒಬ್ಬಳು ಇದ್ಲು ನಮ್ಮ ಸಾಲಲ್ಲಿ, ಅವಳ ಥರ ಯಾರಿಗೂ ಬರ್ತಿರಲಿಲ್ಲ. ಹೇಗಿದಾಳೆ ಅವಳು?"

ನಾನು ಹಿಂದಿನ ಬೆಂಚಿನಲ್ಲಿ ಮುಖ ಮುಚ್ಚಿಕೊಂಡೆ.

ತೀರ್ಪಿನ ದಿನ ಮಾವ ಬರಲೊಲ್ಲೆ ಎಂದರು. ಸಂಜೆ ವಕೀಲಮ್ಮನೇ ಮನೆಗೆ ಬಂದು ಜಗಲಿಯಲ್ಲಿ ಅವರೆದುರು ಕೂತು ಓದಿದರು. ಆ ಧೂಳು ಏನೆಂದು ಗೊತ್ತಿದ್ದೂ ಹೇಳದೆ, ಅದನ್ನು ಮನೆಗೆ ಕಳಿಸಿ, ಒಣಗಿದ್ದನ್ನೇ ಕೊಡವಲು ಹೇಳಿದ್ದು ಕಾರ್ಖಾನೆ. ಕೆಲಸಗಾರನದಾಗಲಿ ಆತನ ಹೆಂಡತಿಯದಾಗಲಿ ಯಾವ ತಪ್ಪೂ ಇಲ್ಲ.

"ಇನ್ನೊಂದು ಸಲ ಓದಿ" ಎಂದರು ಮಾವ.

ಅವರು ಓದಿದರು. ಮಾವ ಎದ್ದು ಒಳಗೆ ಹೋದರು. ಅತ್ತೆಯ ಕೋಣೆಯ ಮಂಚ ಕಿರ್ ಎಂದದ್ದು ಕೇಳಿಸಿತು. ನಾವಿಬ್ಬರೂ ಜಗಲಿಯಲ್ಲೇ ಕೂತಿದ್ದೆವು, ಒಳಗೆ ಹೋಗಲು ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ, ನಾನು ನೆನೆಸಿಟ್ಟಿದ್ದ ಬಕೆಟ್ಟಿನಲ್ಲಿ ನನ್ನ ಗಂಡನ ಅಂಗಿ, ಮಗಳ ಬಟ್ಟೆಯ ನಡುವೆ ಮಾವನ ಅಂಗಿಯೂ ಇತ್ತು. ಅವರೇ ತಂದು ಹಾಕಿದ್ದರು. ತಿಕ್ಕಿದೆ, ಹಿಂಡಿದೆ, ಎಲ್ಲರ ಬಟ್ಟೆಯ ಜೊತೆ ಒಂದೇ ಹಗ್ಗದ ಮೇಲೆ ಹರವಿದೆ. ಎಷ್ಟು ತಿಕ್ಕಿದರೂ ಕಾಲರಿನ ಕೊಳೆ ಪೂರ್ತಿ ಹೋಗಲಿಲ್ಲ. ಬೈಯಲು ಬಾಗಿಲಲ್ಲಿ ಯಾರೂ ಇರಲಿಲ್ಲ.