ಪರೀಕ್ಷೆಯ ದಿನ ಹಣ್ಣಾದ ಹುಳು

ಮಾಗಡಿಗೆ ಹೋಗುವ ಬೆಳಗಿನ ಬಸ್ಸಿಗೆ ಯಾರಾದರೂ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹತ್ತಿಸಿದರೆ ಸಾಕು, ಆ ಹಸಿ ವಾಸನೆಗೆ ನಾನು ನಮ್ಮ ಹಳೆಯ ಮನೆಗೆ ಹೋಗಿಬಿಡುತ್ತೇನೆ. ನಾನೀಗ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಮ್ಮ ಮನೆಯಿದ್ದ ಜಾಗದಲ್ಲಿ ಸೈಟಿನ ಕಲ್ಲುಗಳು ನಿಂತಿವೆ. ನಿಮಗೂ ಅಂಥದ್ದೊಂದು ಮನೆಯಿದ್ದಿರಬೇಕು, ಇಲ್ಲವಾದ ಮೇಲೂ ಬಾಗಿಲು ತೆರೆದೇ ಇರುವಂಥದ್ದು. ನಮ್ಮದರಲ್ಲಿ ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು, ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಜಗಲಿಯ ಮೇಲೆ ಅಪ್ಪ ಮತ್ತು ಮಂಜುಳಕ್ಕ.

ಪಿಯುಸಿಗೇ ಓದು ಬಿಟ್ಟು ಹೊಲಕ್ಕಿಳಿದ ಅಪ್ಪನಿಗೆ ಲೆಕ್ಕದ ಹುಚ್ಚು. ಅಕ್ಕ ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅಜ್ಜಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, "ಪಾಸಾದ್ರೆ ಕಾಲೇಜು, ಇಲ್ದಿದ್ರೆ ಮದ್ವೆ." ಅಕ್ಕನಿಗೆ ಕಾಲೇಜು ಬೇಕಿತ್ತು, ಬಾಯಿಬಿಟ್ಟು ಹೇಳುವಷ್ಟು ಬೇಕಿತ್ತು. ಅಪ್ಪ ಹುಣಸೆ ಬೀಜ ಹರಡಿಕೊಂಡು ಕೂರುತ್ತಿದ್ದರು. ಒಂದು ಬೀಜ, ಅದಕ್ಕೆ ಮೂರು ಸೇರಿಸಿದರೆ ನಾಲ್ಕು, ಐದು ಸೇರಿಸಿದರೆ ಒಂಬತ್ತು. ಮುಂದಿನದು ಹದಿನಾರು ಎಂದು ನಾನು ಅರಚಿದರೆ ಗದರುತ್ತಿದ್ದರು, "ಮೂರ್ ಸಲ ಹೊಂದ್ತು ಅಂತ ನಾಕ್ನೇ ಸಲ್ವೂ ಹೊಂದ್ತದೆ ಅಂತ ಯಾರ್ ಹೇಳಿದ್ರು ನಿಂಗೆ? ಕಾರಣ ಹೇಳು." ನಾನು ಪೆಚ್ಚಾಗಿ ಅಕ್ಕನ ಮುಖ ನೋಡುತ್ತಿದ್ದೆ. ಅಕ್ಕ ಬೀಜಗಳನ್ನು ಚೌಕವಾಗಿ ಜೋಡಿಸಿ, ಎರಡು ಬದಿಗೆ ಒಂದೊಂದು ಸಾಲು, ಮೂಲೆಗೊಂದು ಬೀಜ ಇಟ್ಟು, "ಹಿಂಗಿಟ್ರೆ ಯಾವಾಗ್ಲೂ ಚೌಕಾನೇ ಆಯ್ತದೆ ಅಪ್ಪಾ" ಎನ್ನುತ್ತಿದ್ದಳು. ಅಪ್ಪನ ಮುಖ ಊರಗಲವಾಗುತ್ತಿತ್ತು.

ರೇಷ್ಮೆ ಸಾಕಿದವರಿಗೆ ಗೊತ್ತು: ಹುಳು ಹಣ್ಣಾಗಿ, ಅಂದರೆ ಮೇಯುವುದನ್ನು ಬಿಟ್ಟು ಮೈ ಹಳದಿಯಾಗಿ ತಲೆ ಎತ್ತಿದರೆ, ಆಗಿಂದಾಗಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಬೆಳೆಯೇ ಹೋಯಿತು. ಹೊಸ ಮರಿಹುಳು ತರುವಾಗ, ಪರೀಕ್ಷೆಯ ಹೊತ್ತಿಗೇ ಹಣ್ಣಾದರೆ ಏನು ಗತಿ ಎಂದು ಅಮ್ಮ ಮಾತೆತ್ತಿದರು. "ಹಿಂದಿನ್ ಮೂರ್ ಬೆಳೇನೂ ಎಷ್ಟ್ ದಿನ ಹಿಡಿದ್ವು ಅಂತ ನೋಡಿವ್ನಿ. ಪರೀಕ್ಷೆ ಮುಗಿದ್ ಮ್ಯಾಕೇ ಹಣ್ಣಾಗೋದು" ಎಂದರು ಅಪ್ಪ. ಅಕ್ಕ ನಕ್ಕು ಕಾರಣ ಕೇಳಿದಳು. ಅಪ್ಪ ಅವಳ ತಲೆಗೊಂದು ಮೊಟಕಿ ಎದ್ದು ಹೋದರು.

ಆ ಮೂರೂ ಬೆಳೆ ತಂಪುಗಾಲದವು. ಆ ಸಲದ ಬಿಸಿಲಿಗೆ ಬೇಗ ಬೆಳೆದು, ಗಣಿತ ಪರೀಕ್ಷೆಯ ಬೆಳಗ್ಗೆಯೇ ತಟ್ಟೆ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿದ್ದವು. ಊರಲ್ಲೆಲ್ಲ ಅದೇ ಕಥೆ, ಆಳೆಂಬುದೇ ಸಿಗಲಿಲ್ಲ. ಅಕ್ಕ ಜಡೆ ಹಾಕಿಕೊಂಡು ಹಾಲ್ ಟಿಕೆಟ್ ಹಿಡಿದು ಹೊಸ್ತಿಲಲ್ಲಿ ನಿಂತಳು. ಅಪ್ಪ ಎರಡೂ ಕೈಯಲ್ಲಿ ಹುಳು ತುಂಬಿಕೊಂಡು ಅವಳನ್ನು ನೋಡಿದರು. ಅಕ್ಕ ಒಳಗೆ ಬಂದು ಲಂಗ ಎತ್ತಿ ಕಟ್ಟಿದಳು. ರಸ್ತೆಯಲ್ಲಿ ಬಸ್ಸು ಹಾರನ್ ಮಾಡಿ ಹೊರಟುಹೋಯಿತು.

ಜೂನಿನಲ್ಲಿ ಮತ್ತೆ ಬರೆಯಬಹುದೆಂದು ಮೇಷ್ಟ್ರು ಹೇಳಿ ಕಳಿಸಿದರು. ಅಷ್ಟರಲ್ಲಿ ಕನಕಪುರದ ಕಡೆಯ ಗಂಡಿಗೆ ಅಜ್ಜಿ ಮಾತು ಕೊಟ್ಟಾಗಿತ್ತು. ಆ ಪರೀಕ್ಷೆಯ ಸಂಜೆಯನ್ನು ಮಾತ್ರ ನಾನು ಮರೆಯಲಾರೆ. ಗೆಳತಿಯೊಬ್ಬಳು ತಂದುಕೊಟ್ಟ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಕ್ಕ ಜಗಲಿಯಲ್ಲಿ ಪೂರ್ತಿ ಉತ್ತರ ಬರೆದಳು. ಅಪ್ಪ ಒಂದೊಂದೇ ಲೆಕ್ಕ ನೋಡಿದರು. ಒಂದೂ ತಪ್ಪಿರಲಿಲ್ಲ.

"ಮಾರ್ಕ್ಸ್ ಹಾಕಪ್ಪಾ" ಎಂದಳು ಅಕ್ಕ.

ಅಪ್ಪ ಪೆನ್ನು ತೆಗೆದುಕೊಂಡರು, ಆದರೆ ಹಾಕಲಾಗಲಿಲ್ಲ.